ಅಡುಗೆಮನೆ ಡಬ್ಬಿಯಲ್ಲಿ ಶಿಲಾ ಸಮಾಧಿ ಕಾಲದ ಕಬ್ಬಿಣ: ನನ್ನ ಅನುಭವ

ಇನ್ನೊಂದು ಮಳೆಗಾಲ ದಾಟಿತು, ನಮ್ಮ ಕಾಲೇಜು ಮ್ಯೂಸಿಯಂ ಸ್ಟೋರಿನ ಹಳೇ ಕಬ್ಬಿಣ ಬೆವರಲಿಲ್ಲ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ, ತೇವ ಹೀರುವ ಸಿಲಿಕಾ ಜೆಲ್ ಹರಳಿನ ಜೊತೆ ಮುಚ್ಚಿಟ್ಟದ್ದರ ಫಲ. ಬೆವರುವುದು ಅಂದರೇನು ಅಂತ ಈ ಕೆಲಸದಲ್ಲಿ ಇರುವವರಿಗೆ ಹೇಳಬೇಕಿಲ್ಲ. ಜುಲೈನಲ್ಲಿ ಬೀರು ತೆಗೆದರೆ ಭರ್ಜಿಯ ಮೊನೆ ಮೇಲೆ ಸಾಸಿವೆ ಕಾಳಿನಷ್ಟು ಕೆಂಪು ಹನಿ ಕೂತಿರುತ್ತದಲ್ಲ, ಅದೇ. ಹನಿ ಒಣಗಿದ ಮೇಲೆ ಟೊಳ್ಳು ಗುಳ್ಳೆ, ಅದರ ಹಿಂದೆಯೇ ಒಂದು ಪದರ ಉದುರುತ್ತದೆ. "ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿಟ್ಟರೆ ಇನ್ನೂ ಬೇಗ ಹಾಳಾಗುತ್ತೆ ಕಣ್ರೀ, ಗಾಳಿ ಆಡಬೇಕು" ಅಂದವರು ಒಬ್ಬಿಬ್ಬರಲ್ಲ. ಅವರೆಲ್ಲ ಈಗ ಡಬ್ಬಿ ಎಲ್ಲಿ ಸಿಗುತ್ತೆ ಅಂತ ಕೇಳುತ್ತಿದ್ದಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಮಲೆನಾಡಿನ ಅಂಚಿನ ಕಾಲೇಜು. ಇತಿಹಾಸ ವಿಭಾಗಕ್ಕೆ ಒಂದು ಹಾಲ್, ಅದರ ಹಿಂದೆ ಒಂದು ಸ್ಟೋರ್. ಹಾಲಿಗೆ ಮ್ಯೂಸಿಯಂ ಅಂತ ಬೋರ್ಡು. ಹಿಂದಿನ ಮೇಷ್ಟ್ರುಗಳು ತುಂಗಭದ್ರೆಯ ದಂಡೆ ಸುತ್ತಿ ತಂದದ್ದು ಒಂದಷ್ಟು, ರೈತರು ಹೊಲ ಮಟ್ಟ ಮಾಡುವಾಗ ಸಿಕ್ಕಿತು ಅಂತ ಕೊಟ್ಟದ್ದು ಒಂದಷ್ಟು. ಮಡಕೆ ಚೂರು ಚೀಲಗಟ್ಟಲೆ ಇದೆ, ಕಲ್ಲಿನ ಕೊಡಲಿಗಳಿವೆ, ಸ್ವಲ್ಪ ನಾಣ್ಯಗಳಿವೆ. ದೊಡ್ಡ ಕಲ್ಲುಗಳಿಂದ ಸಮಾಧಿ ಕಟ್ಟುತ್ತಿದ್ದ ಶಿಲಾ ಸಮಾಧಿ ಕಾಲದ ಕಬ್ಬಿಣದ ತುಂಡು ಇನ್ನೂರರ ಹತ್ತಿರ: ಬಾಣದ ಮೊನೆ, ಉಳಿ, ಕುಡಗೋಲು, ಏನು ಅಂತ ಗೊತ್ತಾಗದ ಮುದ್ದೆಗಳೂ ಬೇಕಾದಷ್ಟು. ಹಾವೇರಿ ಜಿಲ್ಲೆಯ ಹಳ್ಳೂರಿನ ಕಬ್ಬಿಣಕ್ಕೆ ಕ್ರಿ.ಪೂ. 1000ದ ಸುಮಾರಿನ ಕಾಲ ಹೇಳುತ್ತಾರೆ. ನಮ್ಮದೂ ಅಷ್ಟು ಹಳೇದು ಅಂತ ನಾನು ಬೀಗುವುದಿಲ್ಲ. ಆದರೆ ಎರಡು ಸಾವಿರ ವರ್ಷಕ್ಕೂ ಜಾಸ್ತಿ ಮಣ್ಣಿನಲ್ಲಿ ತಡೆದುಕೊಂಡದ್ದು ನಮ್ಮ ಬೀರುವಿನಲ್ಲಿ ಮೂವತ್ತು ವರ್ಷ ತಡೆಯಲಿಲ್ಲ.

ಮೊದಲಿದ್ದವರು ಸುಮ್ನೆ ಕೂತಿರಲಿಲ್ಲ. ಯಾರೋ ಕೊಬ್ಬರಿ ಎಣ್ಣೆ ಸವರಿದ್ದಾರೆ, ಯಾರೋ ವಾರ್ನಿಷ್ ಹೊಡೆದಿದ್ದಾರೆ, ಆಮೇಲೆ ಬಂದವರು ಮೇಣ ಹಚ್ಚಿದ್ದಾರೆ. ಒಳಗೆ ಕ್ಲೋರೈಡ್, ಅಂದರೆ ಮಣ್ಣಿನಿಂದ ಸೇರಿ ತೇವ ಸಿಕ್ಕೊಡನೆ ತುಕ್ಕು ಹಿಡಿಸುವ ಉಪ್ಪಿನ ಅಂಶ, ಕೂತಿರುವಾಗ ಮೇಲೆ ಏನು ಬಳಿದರೆ ಏನು? ಒಂದು ಕುಡಗೋಲು ಇದೆ, ಅದನ್ನು ಹೊಸ ವಿದ್ಯಾರ್ಥಿಗಳಿಗೆ ತೋರಿಸಲಿಕ್ಕೆ ಬೇರೆ ಇಟ್ಟಿದ್ದೇನೆ. ವಾರ್ನಿಷ್ ಚಿಪ್ಪು ಕುಡಗೋಲಿನ ಆಕಾರದಲ್ಲೇ ಗಟ್ಟಿಯಾಗಿ ನಿಂತಿದೆ, ಒಳಗಿನ ಕಬ್ಬಿಣ ಪುಡಿಯಾಗಿ ಒಂದು ಮೂಲೆಗೆ ಜಾರಿದೆ. ಅಲುಗಾಡಿಸಿದರೆ ಸದ್ದು ಬರುತ್ತದೆ.

ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ನೆನೆಸಿ ಕ್ಲೋರೈಡ್ ತೆಗೆಯುವುದನ್ನೂ ಮಾಡಿ ನೋಡಿದೆ. ಕೆಲಸ ಆಗುತ್ತೆ, ಇಲ್ಲ ಅನ್ನಲ್ಲ. ಆದರೆ ತಿಂಗಳುಗಟ್ಟಲೆ ದ್ರಾವಣ ಬದಲಿಸುತ್ತಾ ಕೂರಬೇಕು, ದ್ರಾವಣದಲ್ಲಿ ಕ್ಲೋರೈಡ್ ಇನ್ನೂ ಬರುತ್ತಿದೆಯಾ ಅಂತ ಪರೀಕ್ಷಿಸಲು ಬೇಕಾದ ಸಿಲ್ವರ್ ನೈಟ್ರೇಟ್ ಬೆಲೆ ಕೇಳಿದರೆ ಎದೆ ಧಸಕ್ ಅನ್ನುತ್ತೆ. ಪರೀಕ್ಷೆಗೆ ತೆಗೆದ ನೀರಿಗೆ ಮೊದಲು ನೈಟ್ರಿಕ್ ಆಸಿಡ್ ಹಾಕಿ ಹುಳಿ ಮಾಡಿಕೊಳ್ಳದಿದ್ದರೆ ಕಂದು ಬಣ್ಣ ಬಂದು ದಾರಿ ತಪ್ಪಿಸುತ್ತೆ, ಅದನ್ನು ಹುಡುಗರಿಗೆ ಎಷ್ಟು ಸಲ ಹೇಳಿದರೂ ಸಾಲದು. ಎಲ್ಲಕ್ಕಿಂತ ದೊಡ್ಡ ತಲೆನೋವು ಅಂದರೆ ಲೋಹದ ತಿರುಳೇ ಉಳಿಯದ ತುಂಡುಗಳು ತೊಟ್ಟಿಯಲ್ಲೇ ಬಿಚ್ಚಿಕೊಂಡವು. ತಿರುಳು ಇದೆಯೋ ಇಲ್ಲವೋ ತಿಳಿಯಲು ಎಕ್ಸ್‌ರೇ ಬೇಕು. ಪರಿಚಯದ ಸ್ಕ್ಯಾನಿಂಗ್ ಸೆಂಟರಿನವರು ಭಾನುವಾರ ಸಂಜೆ ಒಂದಷ್ಟು ತೆಗೆದುಕೊಟ್ಟರು, ದುಡ್ಡು ತಗೊಳ್ಳಲಿಲ್ಲ. ಇನ್ನೂರು ತುಂಡಿಗೂ ಅವರನ್ನೇ ಕೇಳಲು ಮುಖ ಬೇಕಲ್ಲ.

ಆಮೇಲೆ ಡಿಹ್ಯೂಮಿಡಿಫೈಯರ್, ಅಂದರೆ ಕೋಣೆಯ ಗಾಳಿಯ ತೇವ ತೆಗೆಯುವ ಯಂತ್ರದ ಕಥೆ. ಕೊಟೇಶನ್ ತರಿಸಿದೆವು, ನಲವತ್ತೈದು ಸಾವಿರದ ಆಸುಪಾಸು. ಮಂಜೂರಾಯಿತು ಅಂತಲೇ ಇಟ್ಟುಕೊಳ್ಳಿ. ನಮ್ಮೂರಲ್ಲಿ ಮಳೆ ಜೋರಾದ ದಿನವೇ ಕರೆಂಟ್ ಇರುವುದಿಲ್ಲ. ಸ್ಟೋರಿನ ಹೆಂಚಿನ ಸಂದಿಯಲ್ಲಿ ಬೆಳಕು ಬೀಳುತ್ತೆ. ಅಂಥ ಕೋಣೆಯನ್ನು ಒಣಗಿಸುವುದೂ ಒಂದೇ, ಹೊಳೆಯನ್ನು ಒಣಗಿಸುವುದೂ ಒಂದೇ. ಕೋಣೆ ಬೇಡ, ವಸ್ತುವಿನ ಸುತ್ತಲಿನ ಎರಡು ಲೀಟರ್ ಗಾಳಿ ಒಣಗಿಸಿದರೆ ಸಾಕು. ನಾನು ಹಿಡಿದದ್ದು ಇಷ್ಟೇ, ಹೊಸದೇನಲ್ಲ. ಹೊರದೇಶದ ಮ್ಯೂಸಿಯಂಗಳಲ್ಲಿ ಎಷ್ಟೋ ವರ್ಷದಿಂದ ಹೀಗೇ ಮಾಡುತ್ತಾರೆ. ನಮ್ಮ ಬಜೆಟ್ಟಿನಲ್ಲಿ, ನಮ್ಮ ಮಳೆಯಲ್ಲಿ ಆಗಲ್ಲ ಅಂತ ಎಲ್ಲರೂ ಅಂದುಕೊಂಡಿದ್ದರು ಅಷ್ಟೆ.

ಮೊದಲ ಕಂತಿನ ಡಬ್ಬಿಗಳು ದಂಡ. ಸಂತೆಯಲ್ಲಿ ಸಿಗುವ ಪಾರದರ್ಶಕ ಡಬ್ಬಿ, ನೋಡಲು ಚೆಂದ, ಮುಚ್ಚಳ ಕೂತಂತೆ ಕಾಣುತ್ತೆ. ಹದಿನೈದು ದಿನದಲ್ಲಿ ಒಳಗಿನ ತೇವ ಹೊರಗಿನಷ್ಟೇ ಆಯಿತು. ನಾಲ್ಕೂ ಕಡೆ ಕೊಂಡಿ ಹಾಕುವ, ಮುಚ್ಚಳದಲ್ಲಿ ರಬ್ಬರ್ ಪಟ್ಟಿ ಇರುವ ಡಬ್ಬಿಯೇ ಬೇಕು. ತಳ ತಿರುಗಿಸಿ ನೋಡಿ, ತ್ರಿಕೋನದೊಳಗೆ 5 ಅಂತ ಇದ್ದರೆ ಪಾಲಿಪ್ರೊಪಿಲೀನ್, ಧೈರ್ಯವಾಗಿ ತಗೊಳ್ಳಿ. 3 ಅಂತ ಇದ್ದರೆ ಪಿವಿಸಿ, ಅದೇ ಕ್ಲೋರಿನ್ ಮೂಲ, ಹತ್ತಿರ ಸೇರಿಸಬೇಡಿ. ಜಿಪ್ ಕವರಿಗೂ ಇದೇ ಮಾತು. ಕೊಂಡಿ ಡಬ್ಬಿಗಳಲ್ಲೂ ಎಲ್ಲವೂ ಒಂದೇ ಅಲ್ಲ. ಯಾವ ಕಂಪನಿಯದ್ದು ತಡೆಯುತ್ತೆ, ಮುಚ್ಚಳದ ಅಂಚಿಗೆ ನಾನು ಇನ್ನೊಂದು ಏನು ಮಾಡುತ್ತೇನೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಸ್ಟೋರಿಗೆ ಬಂದವರಿಗೆ ತೋರಿಸುತ್ತೇನೆ.

ಸಿಲಿಕಾ ಜೆಲ್ ಎಷ್ಟು? ಕಬ್ಬಿಣದ ತೂಕದಷ್ಟೇ ಜೆಲ್, ಕಡಿಮೆ ಬೇಡ. ಚಿಟಿಕೆಯಷ್ಟು ಪೊಟ್ಟಣ ಹಾಕಿ "ನಾವೂ ಮಾಡಿದೆವು, ಆಗಲಿಲ್ಲ" ಅನ್ನುವವರೇ ಜಾಸ್ತಿ. ತೇವ ಹೀರಿದಾಗ ಬಣ್ಣ ತಿರುಗುವ ಜೆಲ್ ಸಿಗುತ್ತೆ. ನೀಲಿ ಜೆಲ್‌ನಲ್ಲಿ ಕೋಬಾಲ್ಟ್ ಇರುತ್ತೆ, ಆರೋಗ್ಯಕ್ಕೆ ಒಳ್ಳೇದಲ್ಲ, ಕೇಸರಿ ಬಣ್ಣದ್ದು ತಗೊಳ್ಳಿ. ಆದರೆ ಕಬ್ಬಿಣದ ವಿಷಯದಲ್ಲಿ ಬಣ್ಣವನ್ನು ನಂಬಿ ಕೂರಬೇಡಿ. ಬಣ್ಣ ತಿರುಗಿದ್ದು ನಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಒಳಗಿನ ತೇವ ಶೇ. 30–40 ದಾಟಿರುತ್ತೆ. ಕ್ಲೋರೈಡ್ ತುಂಬಿದ ಕಬ್ಬಿಣಕ್ಕೆ ಶೇ. 20ರ ಕೆಳಗೇ ಇರಬೇಕು, 15ರ ಕೆಳಗಿದ್ದರೆ ನಿದ್ದೆ ಚೆನ್ನಾಗಿ ಬರುತ್ತೆ. ಹಾಗಾಗಿ ಡಬ್ಬಿಯೊಳಗೆ ಗಾಳಿಯ ತೇವ ಅಳೆಯುವ ಒಂದು ಸಣ್ಣ ಡಿಜಿಟಲ್ ಮೀಟರ್. ಇನ್ನೂರೈವತ್ತು ರೂಪಾಯಿಯ ಮೀಟರ್ ಸುಳ್ಳು ಹೇಳುತ್ತೆ ಅನ್ನುವವರಿಗೆ: ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಕರಗದಷ್ಟು ನೀರು ಚಿಮುಕಿಸಿ, ಮೀಟರ್ ಜೊತೆ ಜಿಪ್ ಕವರಿನಲ್ಲಿ ಒಂದು ರಾತ್ರಿ ಇಡಿ. ಬೆಳಗ್ಗೆ 75 ತೋರಿಸಬೇಕು. ನನ್ನದೊಂದು 81 ಅಂತು, ಇನ್ನೊಂದು 72. ಬೆನ್ನಿಗೆ ಚೀಟಿ ಅಂಟಿಸಿ ಎಷ್ಟು ಕಳೆಯಬೇಕು, ಕೂಡಬೇಕು ಅಂತ ಬರೆದಿಟ್ಟೆ. ತೀರಾ ಕೆಳಗಿನ ಅಂಕಿಗೆ ಈ ತಿದ್ದುಪಡಿ ಸರಿಯಾಗಿ ಕೂರದು, ಆದರೂ ಕಣ್ಣು ಮುಚ್ಚಿ ಕೂರುವುದಕ್ಕಿಂತ ವಾಸಿ.

ಜೆಲ್ ಒಣಗಿಸಲು ಮನೆಯಲ್ಲಿ ಕೇಕ್ ಮಾಡುವ ಒವನ್. 110–120 ಡಿಗ್ರಿ, ತಟ್ಟೆಯಲ್ಲಿ ತೆಳ್ಳಗೆ ಹರಡಿ ಮೂರು ಗಂಟೆ. ಅದಕ್ಕಿಂತ ಬಿಸಿ ಮಾಡಿದರೆ ಕೇಸರಿ ಬಣ್ಣ ಕೆಡುತ್ತೆ. ಬಿಸಿ ಇಳಿಯಲಿ ಅಂತ ಮೇಜಿನ ಮೇಲೆ ಬಿಟ್ಟರೆ ಮಾಡಿದ್ದೆಲ್ಲ ವ್ಯರ್ಥ, ಕೂಡಲೇ ಸ್ಟೀಲ್ ಡಬ್ಬಿಗೆ ಸುರಿದು ಮುಚ್ಚಬೇಕು. ಈ ಒವನ್ ಬಿಲ್ಲಿಗೆ ಬಂದ ಆಕ್ಷೇಪಣೆ ಓದಬೇಕಿತ್ತು ನೀವು. "ವಸ್ತುಸಂಗ್ರಹಾಲಯಕ್ಕೆ ಅಡುಗೆ ಸಾಮಗ್ರಿ ಖರೀದಿಸಿದ ಔಚಿತ್ಯವನ್ನು ತಿಳಿಸುವುದು." ಡಬ್ಬಿ, ಜೆಲ್, ಮೀಟರ್, ಒವನ್ ಎಲ್ಲ ಸೇರಿ ಇಪ್ಪತ್ತೆರಡು ಸಾವಿರದ ಒಳಗೆ ಮುಗಿದಿತ್ತು, ಕಾಗದಕ್ಕೆ ಉತ್ತರ ಬರೆಯಲು ಹೋದ ಸಮಯಕ್ಕೆ ಲೆಕ್ಕವಿಲ್ಲ. ಕೊನೆಗೆ ನಮ್ಮ ಅಟೆಂಡರ್ ಮಾತು ಕೇಳಿ "ಒಣಗಿಸುವ ಉಪಕರಣ" ಅಂತ ಸ್ಟಾಕ್ ರಿಜಿಸ್ಟರಿನಲ್ಲಿ ಏರಿಸಿದೆ. ಆಮೇಲೆ ಯಾರೂ ತುಟಿ ಬಿಚ್ಚಲಿಲ್ಲ.

ಜೆಲ್ ಬದಲಿಗೆ ಅಗ್ಗದ್ದು ಏನಾದರೂ ಸಿಗುತ್ತಾ ಅಂತಲೂ ನೋಡಿದೆ. ಮೊಬೈಲ್ ನೀರಿಗೆ ಬಿದ್ದರೆ ಅಕ್ಕಿಯಲ್ಲಿ ಇಡುತ್ತಾರಲ್ಲ, ಹುಡುಗರು ಅದನ್ನೇ ಹೇಳಿದರು. ಅಕ್ಕಿ ಹಾಕಿದರೆ ಮೀಟರ್ ಐವತ್ತರ ಕೆಳಗೆ ಇಳಿಯಲೇ ಇಲ್ಲ, ಹುಳ ಬಂತು. ಸುಟ್ಟ ಸುಣ್ಣದ ಹರಳು ಮಾತ್ರ ಭಲೇ ಒಣಗಿಸುತ್ತೆ, ಜೆಲ್‌ಗಿಂತ ಕೆಳಗೆ ಇಳಿಸಿತು. ಆದರೆ ಅರಳಿ ಪುಡಿಯಾಗಿ ಎಲ್ಲ ಕಡೆ ಹಾರುತ್ತೆ, ಮತ್ತೆ ಒಣಗಿಸಲು ಬರಲ್ಲ. ಖಾಲಿ ಡಬ್ಬಿಯಲ್ಲಿ ಆಟ ಆಡಿದ್ದೇ ಸಾಕು ಅಂತ ಬಿಟ್ಟೆ.

ಇದೇ ಗುಂಗಿನಲ್ಲಿ ಸೀಸದ ನಾಣ್ಯಗಳ ಕಡೆ ಹೋದೆ. ಚಿತ್ರದುರ್ಗದ ಚಂದ್ರವಳ್ಳಿ ಕಡೆಯ ಶಾತವಾಹನರ ಕಾಲದ ಸೀಸದ ನಾಣ್ಯ ಕಂಡವರಿಗೆ ಗೊತ್ತು, ಬೂದು ಬಣ್ಣ, ಭಾರ, ಮೆತ್ತಗೆ. ನಮ್ಮಲ್ಲಿರುವ ಅಂಥವು ಪ್ಲೈವುಡ್ ಡ್ರಾಯರಿನಲ್ಲಿ ಬಿಳಿ ಹಿಟ್ಟು ಬಿಡುತ್ತಿದ್ದವು. ಎಲ್ಲರೂ ತೇವ, ತೇವ ಅಂದರು. ನನಗೆ ಮರದ ಮೇಲೇ ಅನುಮಾನ. ಮೀನು ಗಾಳದ ಸೀಸದ ಗುಂಡು ತಂದು, ಉಜ್ಜಿ ಹೊಳೆಯುವಂತೆ ಮಾಡಿ, ಎರಡು ಗಾಜಿನ ಬಾಟಲಿಯಲ್ಲಿ ಇಟ್ಟೆ. ಎರಡರಲ್ಲೂ ಒದ್ದೆ ಹತ್ತಿ, ಒಂದರಲ್ಲಿ ಮಾತ್ರ ಆ ಡ್ರಾಯರಿನ ಚೂರು. ಲ್ಯಾಬಿನ ಬೆಚ್ಚಗಿನ ಯುಪಿಎಸ್ ಮೇಲೆ ಒಂದು ತಿಂಗಳು ಕೂತವು. ಪ್ಲೈವುಡ್ ಇದ್ದ ಬಾಟಲಿಯ ಗುಂಡು ಬೆಳ್ಳಗಾಯಿತು, ಇನ್ನೊಂದು ಸ್ವಲ್ಪ ಮಂಕಾಯಿತು ಅಷ್ಟೆ. ಮರ, ಅಂಟು ಎರಡೂ ಬಿಡುವ ಆಮ್ಲದ ಆವಿಯೇ ಕಾರಣ. ಮರುದಿನವೇ ನಾಣ್ಯಗಳು ಸ್ಟೀಲ್ ಬೀರುವಿಗೆ ಬಂದವು, ಹಿಟ್ಟು ಮುಟ್ಟಲು ಕೈಗವಸು ಕಡ್ಡಾಯ. ಸಾಗುವಾನಿ ಶೋಕೇಸ್ ಮಾಡಿಸಿಕೊಂಡು ಖುಷಿಯಾಗಿರುವ ಗೆಳೆಯರು ಈ ಬಾಟಲಿ ಪರೀಕ್ಷೆ ಒಮ್ಮೆ ಮಾಡಿ ನೋಡಲಿ.

ಈಗ ವರ್ಷಕ್ಕೆ ಖರ್ಚು ಅಂದರೆ ಒವನ್ನಿನ ಕರೆಂಟು, ಒಡೆದ ಕೊಂಡಿಗೆ ಬದಲಿ ಡಬ್ಬಿ, ಎರಡು ಸಾವಿರ ದಾಟಲ್ಲ. ಮೇ ಕೊನೆಗೆ ಎಲ್ಲ ಡಬ್ಬಿಯ ಜೆಲ್ ಒಣಗಿಸುತ್ತೇವೆ, ಆಗಸ್ಟ್ ನಡುವಿನಲ್ಲಿ ಇನ್ನೊಮ್ಮೆ. ಮಧ್ಯೆ ಡಬ್ಬಿ ತೆಗೆಯುವುದಿಲ್ಲ, ಯಾರೇ ಬರಲಿ. ವಸ್ತು ನೋಡಬೇಕೆಂದರೆ ಜನವರಿ ಮೇಲೆ ಬನ್ನಿ ಅನ್ನುತ್ತೇನೆ, ಬೇಜಾರಾದವರೂ ಇದ್ದಾರೆ. ಕಂಚಿಗೆ ಇಷ್ಟು ಕಠಿಣ ಬೇಕಿಲ್ಲ, ಶೇ. 40ರ ಕೆಳಗಿದ್ದರೆ ಹಸಿರು ಪುಡಿ ಏಳುವುದು ನಿಲ್ಲುತ್ತೆ.

ಮಡಕೆ ಚೂರಿನ ಚೀಲಗಳು ಮಾತ್ರ ಹಾಗೇ ಇವೆ. ಉಪ್ಪು ಕಟ್ಟಿ ಮೈ ಸುಲಿಯುವ ಚೂರುಗಳನ್ನು ಆರ್‌ಒ ನೀರಿನಲ್ಲಿ ನೆನೆಸಿ, ವಾಟರ್ ಫಿಲ್ಟರ್ ರಿಪೇರಿಯವರ ಟಿಡಿಎಸ್ ಮೀಟರ್ (ನೀರಿನಲ್ಲಿ ಕರಗಿದ ಲವಣ ಎಷ್ಟು ಅಂತ ತೋರಿಸುವುದು) ಅದ್ದಿ ನೋಡುತ್ತಿದ್ದೇನೆ. ಮೊದಲ ನೀರು 600 ಚಿಲ್ಲರೆ ಇತ್ತು, ನಾಲ್ಕೈದು ಸಲ ಬದಲಿಸಿದ ಮೇಲೆ 70ಕ್ಕೆ ಬಂದು ನಿಂತಿದೆ. ನಮ್ಮ ಆರ್‌ಒ ನೀರೇ 50 ತೋರಿಸುವುದರಿಂದ ಅಲ್ಲಿಗೆ ನಿಲ್ಲಿಸಿದೆ. ಚೂರು ಒಣಗಿದ ಮೇಲೆ ಮೈ ಹೇಗಿರುತ್ತೆ ಅಂತ ಒಂದು ಬೇಸಿಗೆ ನೋಡಿ ಬರೆಯುತ್ತೇನೆ.