ಸವೆದ ನಾಣ್ಯದ ಚೆಲುವು: ಆರಿಸುವುದು ಹೇಗೆ, ಕಾಪಾಡುವುದು ಹೇಗೆ?

ನಾಣ್ಯ ಸಂಗ್ರಹ ಎಂದೊಡನೆ ಟಂಕಸಾಲೆಯಿಂದ ಈಗಷ್ಟೇ ಹೊರಬಂದಂತೆ ಥಳಥಳಿಸುವ ನಾಣ್ಯಗಳೇ ಹಲವರ ಕಣ್ಣ ಮುಂದೆ ಬರುತ್ತವೆ. ಅವುಗಳಿಗೆ ಬೆಲೆ ಹೆಚ್ಚೆಂಬುದು ನಿಜ. ಆದರೆ ಬೆರಳಿನ ಬೆವರು ತಾಗಿದರೂ ಕಲೆಯಾಗುವ ಅಂಥ ನಾಣ್ಯವನ್ನು ಮುಟ್ಟಿ ನೋಡುವ ಸುಖವೇ ಇಲ್ಲ. ಸಂತೆಯಿಂದ ಗಲ್ಲಾಪೆಟ್ಟಿಗೆಗೆ, ಅಲ್ಲಿಂದ ಯಾರದೋ ಎಲೆಯಡಿಕೆ ಸಂಚಿಗೆ ಸುತ್ತಿ ಬಂದು ಹದವಾಗಿ ಸವೆದ ನಾಣ್ಯಕ್ಕೆ ಬೇರೆಯದೇ ಚೆಲುವಿದೆ, ಮತ್ತು ಅದು ಸಾಧಾರಣ ಆದಾಯದವರ ಕೈಗೂ ಎಟಕುತ್ತದೆ.

ಹುಡುಕಾಟವನ್ನು ಮನೆಯಿಂದಲೇ ಆರಂಭಿಸಬೇಕು. ತುಮಕೂರು ಸೀಮೆಯ ಹಳೆಯ ಮನೆಗಳ ಸಾಸಿವೆ ಡಬ್ಬಿಯಲ್ಲೋ ದೇವರ ಪೆಟ್ಟಿಗೆಯಲ್ಲೋ ತಾಮ್ರವರ್ಣದ ಕಾಲಾಣೆ, ಅಂದರೆ ಹಿರಿಯರು ಹೇಳುವ ‘ಮೂರುಕಾಸು’, ಅಂಚು ಅಲೆಯಲೆಯಾಗಿರುವ ಒಂದಾಣೆ, ಎರಡನೆಯ ಮಹಾಯುದ್ಧದ ಕಾಲದಲ್ಲಿ ತಾಮ್ರ ಉಳಿಸಲೆಂದು 1943ರಿಂದ ನಡುವೆ ತೂತಿಟ್ಟು ಅಚ್ಚು ಹಾಕಿದ ಕಾಸು ಇವೆಲ್ಲ ಇಂದಿಗೂ ಸಿಗುತ್ತವೆ. ಮನೆಯದು ಮುಗಿದ ಮೇಲೆ ಮಂಡಿಪೇಟೆಯ ಕಡೆ ಹಳೆಯ ತಾಮ್ರ, ಹಿತ್ತಾಳೆ ಕೊಳ್ಳುವವರನ್ನು ವಿಚಾರಿಸಬಹುದು. ಏನೂ ಸಿಗದಿದ್ದರೆ ಇಂದಿನ ಚಿಲ್ಲರೆಯೇ ಇದೆ: ಇಸವಿಯ ಕೆಳಗೆ ವಜ್ರದ ಗುರುತಿದ್ದರೆ ಮುಂಬಯಿ, ನಕ್ಷತ್ರವಿದ್ದರೆ ಹೈದರಾಬಾದ್, ಚುಕ್ಕೆಯಿದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತದ ಟಂಕಸಾಲೆ. ಒಂದೇ ಇಸವಿಯ ನಾಲ್ಕನ್ನೂ ಕೂಡಿಸಲು ಹೊರಟರೆ ಕೆಲವು ತಿಂಗಳು ಹಿಡಿದೀತು.

ಎರಡನೆಯ ಹಂತವೇ ಮುಖ್ಯವಾದದ್ದು. ಅದು ಸವೆತವನ್ನು ಓದುವುದು. ನಾಣ್ಯವನ್ನು ಬೆಳಗಿನ ಹೊತ್ತು ಕಿಟಕಿಯ ಬಳಿ ಅಂಚಿನಲ್ಲಿ ಹಿಡಿದು, ಬೆಳಕು ಓರೆಯಾಗಿ ಬೀಳುವಂತೆ ನಿಧಾನವಾಗಿ ತಿರುಗಿಸಬೇಕು. ಐದನೆಯ ಜಾರ್ಜ್ ದೊರೆಯ ಬೆಳ್ಳಿ ರೂಪಾಯಿಯಲ್ಲಿ ಮೊದಲು ಸವೆಯುವುದು ಉಬ್ಬಾಗಿರುವ ಕೆನ್ನೆ, ಕಿವಿಯ ಮೇಲಿನ ಕೂದಲು ಹಾಗೂ ಕಿರೀಟ. ಇವು ಮಾಸಿದ್ದರೂ ಎದೆಯ ನಿಲುವಂಗಿಯ ಮೇಲಿನ ಪುಟ್ಟ ಆನೆ ಕಣ್ಣಿಗೆ ಕಂಡರೆ ಆ ನಾಣ್ಯವನ್ನು ಧಾರಾಳವಾಗಿ ಕೊಳ್ಳಬಹುದು. (1911ರ ರೂಪಾಯಿಯಲ್ಲಿ ಸೊಂಡಿಲು ಮೊಟಕಾಗಿ, ಆನೆ ಹಂದಿಯಂತೆ ಕಾಣುತ್ತದೆಂಬ ಆಕ್ಷೇಪ ಎದ್ದು, ಮರುವರ್ಷವೇ ಅದನ್ನು ತಿದ್ದಿ ಕೆತ್ತಬೇಕಾಯಿತು.) ಉಬ್ಬಿದ ಭಾಗ ತುಸು ತಿಳಿಯಾಗಿ, ತಗ್ಗಿನಲ್ಲಿ ಕಪ್ಪು ನಿಂತು, ಅಕ್ಷರಗಳ ಸುತ್ತ ನೆರಳು ಕಟ್ಟಿದಂತಿದ್ದರೆ ಚಿತ್ರ ಹೊಸ ನಾಣ್ಯದಲ್ಲಿರುವುದಕ್ಕಿಂತ ಎದ್ದು ಕಾಣುತ್ತದೆ. ಸವೆತ ಎರಡೂ ಮುಖದಲ್ಲಿ ಸಮವಾಗಿರಬೇಕು, ಇಸವಿ ಪೂರ್ತಿ ಓದಲು ಬರಬೇಕು. ಸರಕ್ಕೆ ಪೋಣಿಸಲು ಕೊರೆದ ತೂತು, ಬೆಸುಗೆಯ ಗುರುತು, ಅಂಚಿನ ಪೆಟ್ಟು ಇರುವುದನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬಿಡುವುದೇ ಲೇಸು.

ಬೆಳ್ಳಿಯೇ ಎಂದು ತಿಳಿಯಲು ಮೊದಲು ಅಯಸ್ಕಾಂತ ಹಿಡಿದು ನೋಡಬೇಕು, ಅಂಟಬಾರದು; ಅಂಟಲಿಲ್ಲವೆಂದ ಮಾತ್ರಕ್ಕೆ ಬೆಳ್ಳಿಯೇ ಎನ್ನಲಾಗದು. ಇನ್ನು ಹಿಂಬದಿಯಲ್ಲಿ ಹುಲಿಯಿರುವ 1947ರ ರೂಪಾಯಿ ನಿಕ್ಕಲ್‌ನದಾದ್ದರಿಂದ ಅಂಟಿಯೇ ಅಂಟುತ್ತದೆ. ಬೆಳ್ಳಿ ರೂಪಾಯಿಯ ತೂಕ ಒಂದು ತೊಲ, ಸುಮಾರು 11.66 ಗ್ರಾಂ, ಸವೆದದ್ದು ತುಸು ಕಡಿಮೆ ತೂಗೀತು.

ಇನ್ನು ತೊಳೆಯುವ ವಿಚಾರ. ತೊಳೆಯಬೇಡಿ. ಹತ್ತನೆಯ ವಯಸ್ಸಿನಲ್ಲಿ ನಾನು ಅಜ್ಜಿಯ ಡಬ್ಬಿಯಲ್ಲಿದ್ದ ಮೂರುಕಾಸನ್ನು ಚೊಂಬು ಬೆಳಗುವಂತೆ ಹುಣಸೆಹಣ್ಣು ಹಾಕಿ ಉಜ್ಜಿದ್ದೆ. ಮಾಗಿದ ಹುಣಸೆಯದೇ ಕಂದುಬಣ್ಣದಲ್ಲಿದ್ದ ನಾಣ್ಯ ಎರಡು ನಿಮಿಷಕ್ಕೆ ಕೆಂಪಗೆ ಹೊಳೆಯಿತು, ವಾರದೊಳಗೆ ಮಚ್ಚೆಮಚ್ಚೆಯಾಯಿತು. ಮೊದಲಿನ ಬಣ್ಣ ಇವತ್ತಿಗೂ ಮರಳಿಲ್ಲ. ಹುಳಿಯು ಲೋಹದ ಮೇಲೆ ದಶಕಗಳಿಂದ ಕೂತ ಪದರವನ್ನೇ ತೆಗೆದುಬಿಡುತ್ತದೆ, ಹಲ್ಲುಜ್ಜುವ ಪೇಸ್ಟು ಗೀರು ಹಾಕುತ್ತದೆ. ಲಕ್ಷ್ಮೀಪೂಜೆಗೆ ಇಟ್ಟ ರೂಪಾಯಿಯ ತಗ್ಗುಗಳಲ್ಲಿ ಅರಿಶಿನ ಕುಂಕುಮ ಗಟ್ಟಿಯಾಗಿ ಕೂತಿದ್ದರೆ ಬಟ್ಟಿ ಇಳಿಸಿದ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಮೆತ್ತನೆಯ ಹತ್ತಿ ಬಟ್ಟೆಯಲ್ಲಿ ಒತ್ತಿ ಒಣಗಿಸಬೇಕು, ಒರೆಸಕೂಡದು. ಹೋಗದೆ ಉಳಿದ ಕುಂಕುಮ ಅಲ್ಲೇ ಇರಲಿ; ನನ್ನ ಕಣ್ಣಿಗೆ ಅದೂ ಚೆಂದವೇ.

ಜೋಪಾನಕ್ಕೆ ನಡುವೆ ಪಾರದರ್ಶಕ ಹಾಳೆಯಿರುವ ರಟ್ಟಿನ ಚೌಕಗಳು ಒಳ್ಳೆಯವು. ಪಿವಿಸಿ ಪ್ಲಾಸ್ಟಿಕ್ ಲಕೋಟೆಯಲ್ಲಿ ಬಹುಕಾಲ ಇಟ್ಟರೆ ಹಸಿರು ಅಂಟು ಕೂರುತ್ತದೆ; ರಬ್ಬರ್ ಬ್ಯಾಂಡಿನ ಗಂಧಕಕ್ಕೆ ಬೆಳ್ಳಿ ಕಪ್ಪಾಗುತ್ತದೆ. ಮಳೆಗಾಲದಲ್ಲಿ ಡಬ್ಬಿಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಇರಲಿ.

ಹೊಲ ಉಳುವಾಗಲೋ ಪಾಯ ತೆಗೆಯುವಾಗಲೋ ನಾಣ್ಯದ ಗಡಿಗೆ ಸಿಕ್ಕರೆ ಅದು ಸಂಗ್ರಹದ ಮಾತಲ್ಲ, ನಿಧಿ ಕಾಯ್ದೆಯಡಿ ಜಿಲ್ಲಾಡಳಿತಕ್ಕೆ ತಿಳಿಸಲೇಬೇಕು. ಹಾಗೆಯೇ, ಹಳೆಯ ನಾಣ್ಯಕ್ಕೆ ಲಕ್ಷಗಟ್ಟಲೆ ಕೊಡಿಸುತ್ತೇವೆಂದು ರಿಸರ್ವ್ ಬ್ಯಾಂಕಿನ ಹೆಸರಿನಲ್ಲಿ ಶುಲ್ಕ ಕೇಳುವವರನ್ನು ನಂಬಬಾರದು. 2021ರ ಆಗಸ್ಟ್‌ನಲ್ಲಿ ಬ್ಯಾಂಕೇ ಈ ಬಗ್ಗೆ ಎಚ್ಚರಿಕೆ ನೀಡಿದೆ.

ಕಡೆಯದಾಗಿ, ಪ್ರತಿ ರಟ್ಟಿನ ಹಿಂದೆ ಇಸವಿ, ಟಂಕಸಾಲೆ, ಎಲ್ಲಿ ಯಾರಿಂದ ಬಂತೆಂಬುದನ್ನು ಪೆನ್ಸಿಲ್‌ನಲ್ಲಿ ಬರೆದಿಡಬೇಕು. ಬರೆದ ಮೇಲೆ ನಾಣ್ಯ ಇಡಬೇಕೇ ಹೊರತು, ನಾಣ್ಯ ಇಟ್ಟ ಮೇಲೆ ಒತ್ತಿ ಬರೆಯಬಾರದು.