15ರ ಹುಡುಗನ ಕೈಗೆ ಚೆಂಡು ಕೊಡಲು ನಾನು ಹಿಂಜರಿದ ಐದು ವಾರ

ಹ್ಯೂಸ್ಟನ್ ಊರಾಚೆಯ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ನಾನು ಗಣಿತದ ಮೇಷ್ಟ್ರು. ಸಂಜೆ ಅದೇ ಶಾಲೆಯ ಫುಟ್‌ಬಾಲ್ ತಂಡದ ಆಫೆನ್ಸ್ ಕೋಚ್, ಅಂದರೆ ಚೆಂಡು ನಮ್ಮ ಕೈಯಲ್ಲಿದ್ದಾಗಿನ ಆಟ ಕಲಿಸುವವನು. ಇಲ್ಲಿ ಫುಟ್‌ಬಾಲ್ ಅಂದರೆ ಕಾಲಿನ ಆಟವಲ್ಲ, ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಎಸೆದು, ಹೊತ್ತು ಓಡಿ ಆಡುವ ಅಮೆರಿಕನ್ ಆಟ. ಶುಕ್ರವಾರ ರಾತ್ರಿ ನಮ್ಮ ಹುಡುಗರ ಆಟ ಇದ್ದರೆ ಅರ್ಧ ಊರೇ ಸ್ಟೇಡಿಯಂನಲ್ಲಿರುತ್ತದೆ. ಅಷ್ಟು ಜನರೂ ಆ ವರ್ಷದ ಆಗಸ್ಟ್ ತುಂಬ ಕೇಳಿದ್ದು ಒಂದೇ ಪ್ರಶ್ನೆ: ಈ ಸಲ ಕ್ವಾರ್ಟರ್‌ಬ್ಯಾಕ್ ಯಾರು? ಚೆಂಡು ಎಸೆಯುವವನು, ತಂಡದ ಆಟ ನಡೆಸುವವನು ಅವನೇ.

ಹೆಡ್ ಕೋಚ್ ಆ ತೀರ್ಮಾನವನ್ನು ನನಗೇ ಬಿಟ್ಟಿದ್ದರು. ನಾನು ಐದು ವಾರ ತೀರ್ಮಾನ ಮಾಡಲಿಲ್ಲ.

ಹುಡುಗರು ಇಬ್ಬರು. ಒಬ್ಬ ಕೊನೆಯ ವರ್ಷದವನು, 17 ವರ್ಷ. ಎರಡು ವರ್ಷ ಬದಲಿ ಆಟಗಾರನಾಗಿ ಕಾದಿದ್ದ. ಎಸೆತದಲ್ಲಿ ಅಂಥ ಬಲವಿಲ್ಲ, ಆದರೆ ತಲೆ ತಣ್ಣಗೆ, ಎಲ್ಲರೂ ಅವನ ಮಾತು ಕೇಳುತ್ತಿದ್ದರು. ಇನ್ನೊಬ್ಬನಿಗೆ 15, ಕಿರಿಯರ ತಂಡದಿಂದ ಆಗಷ್ಟೇ ಮೇಲೆ ಬಂದವನು. ಅವನು 50 ಗಜ ದೂರಕ್ಕೆ ಎಸೆದ ಚೆಂಡು ಓಡುತ್ತಿರುವವನ ಹೆಗಲ ಮೇಲಿಂದ ಅಂಗೈಗೆ ಬಂದು ಇಳಿಯುತ್ತಿತ್ತು. ಅದನ್ನು ಕಲಿಸಿ ತರಿಸಲಾಗದು. ಆದರೆ ಎದುರಿನ ತಂಡ ಬ್ಲಿಟ್ಜ್‌ಗೆ ಬಂದಾಗ, ಅಂದರೆ ಒಂದಿಬ್ಬರು ಹೆಚ್ಚು ಜನರನ್ನು ನುಗ್ಗಿಸಿದಾಗ, ಅವನ ಕಣ್ಣು ಮೈದಾನ ಬಿಟ್ಟು ನುಗ್ಗುವವರ ಮೇಲೆ ಹೋಗುತ್ತಿತ್ತು. ಅಲ್ಲಿಗೆ ಆಟ ಮುಗಿದಂತೆ.

ಈ ಕೆಲಸ ಎಷ್ಟು ಕಷ್ಟ ಅನ್ನುವುದು ಟಿವಿಯಲ್ಲಿ ಕಾಣುವುದಿಲ್ಲ. ಚೆಂಡು ಕೈಗೆ ಬಂದ ಮೇಲೆ ಸಿಗುವುದು ಹೆಚ್ಚೆಂದರೆ ಮೂರು ಸೆಕೆಂಡು. ಅದಕ್ಕೂ ಮುಂಚೆಯೇ ಎದುರಿನವರ ಮುಂದಿನ ಸಾಲಿನ ಹಿಂದೆ ನಡುವೆ ನಿಲ್ಲುವ ಲೈನ್‌ಬ್ಯಾಕರ್ ಯಾರೆಂದು ಬೆರಳು ಮಾಡಿ, ಅವನ ಅಂಗಿಯ ನಂಬರ್ ಕೂಗಿ 'ಮೈಕ್' ಅನ್ನಬೇಕು. ಅವನಿಂದ ಎಣಿಕೆ ಶುರುಮಾಡಿ ನಮ್ಮ ಲೈನ್‌ನ, ಅಂದರೆ ಮುಂದೆ ನಿಂತು ತಡೆಯುವ ಸಾಲಿನ ಐವರು ಯಾರು ಯಾರನ್ನು ತಡೆಯಬೇಕೆಂದು ಗೊತ್ತುಮಾಡಿಕೊಳ್ಳುತ್ತಾರೆ. ಬೆರಳು ತಪ್ಪಾದ ಕಡೆ ಹೋದರೆ ಒಬ್ಬ ಯಾರ ತಡೆಯೂ ಇಲ್ಲದೆ ಬಂದು ಪಕ್ಕೆಗೆ ಗುದ್ದುತ್ತಾನೆ. ಆಗ ಬೀಳುವವನು 15 ವರ್ಷದ ಹುಡುಗ.

ನನ್ನ ಹೆದರಿಕೆಗೆ ಒಂದು ಹಳೆಯ ಕಾರಣವಿತ್ತು. 1999ರಲ್ಲಿ ಭದ್ರಾವತಿಯಿಂದ ಹ್ಯೂಸ್ಟನ್ನಿಗೆ ಬಂದಾಗ ನನಗೆ 12. ಮೂರು ವರ್ಷದ ನಂತರ ಈ ಊರಿಗೆ ಎನ್‌ಎಫ್‌ಎಲ್ ಅನ್ನುವ ವೃತ್ತಿಪರ ಲೀಗಿನ ಹೊಸ ತಂಡ ಬಂತು, ಹ್ಯೂಸ್ಟನ್ ಟೆಕ್ಸನ್ಸ್. ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಆ ವರ್ಷದ ಡ್ರಾಫ್ಟ್‌ನ ಮೊಟ್ಟಮೊದಲ ಆಯ್ಕೆ ಡೇವಿಡ್ ಕಾರ್ ಅನ್ನುವ ಕ್ವಾರ್ಟರ್‌ಬ್ಯಾಕ್. ಮೊದಲ ದಿನದಿಂದಲೇ ಅವನನ್ನು ಇಳಿಸಿದರು. ಮೊದಲ ಆಟದಲ್ಲೇ ಡಲ್ಲಾಸ್ ಕೌಬಾಯ್ಸ್ ವಿರುದ್ಧ 19-10ರಿಂದ ಗೆದ್ದಾಗ ನಮ್ಮ ಬೀದಿಯಲ್ಲಿ ಕಾರುಗಳು ಹಾರ್ನ್ ಹೊಡೆದುಕೊಂಡು ಓಡಾಡಿದವು. ಆಮೇಲೆ ಶುರುವಾಯಿತು. ಅವನ ರಕ್ಷಣೆಗೆಂದು ಆರಿಸಿದ್ದ ಟೋನಿ ಬೊಸೆಲ್ಲಿ ಭುಜದ ಗಾಯದಿಂದಾಗಿ ಟೆಕ್ಸನ್ಸ್ ಪರ ಒಂದು ಆಟವನ್ನೂ ಆಡಲಿಲ್ಲ. ಹೊಸ ತಂಡದ ಲೈನ್ ಸೋರುತ್ತಿತ್ತು. ಆ ಒಂದೇ ಸೀಸನ್ನಿನಲ್ಲಿ ಕಾರ್ 76 ಸಲ ಸ್ಯಾಕ್ ಆದ, ಅಂದರೆ ಚೆಂಡು ಎಸೆಯುವ ಮುನ್ನವೇ ಕೆಡವಿಸಿಕೊಂಡ. ಎನ್‌ಎಫ್‌ಎಲ್‌ನಲ್ಲಿ ಒಂದು ವರ್ಷಕ್ಕೆ ಅದೇ ದಾಖಲೆ. ಆಗ ನಾನೂ ಶಾಲಾ ತಂಡದ ಬದಲಿ ಕ್ವಾರ್ಟರ್‌ಬ್ಯಾಕ್. ಸೋಫಾದ ಮೇಲೆ ಕೂತು ಅವನು ಒಂದೊಂದು ಸಲ ಏಳುವುದನ್ನೂ ನೋಡಿದ್ದೇನೆ. ವರ್ಷ ಮುಗಿಯುವ ಹೊತ್ತಿಗೆ ಯಾರೂ ಹತ್ತಿರ ಇಲ್ಲದಾಗಲೂ ಅವನ ಭುಜ ಕುಗ್ಗುತ್ತಿತ್ತು. ಅದು ನನ್ನ ಮನಸ್ಸಿನಲ್ಲಿ ಉಳಿದುಬಿಟ್ಟಿತ್ತು.

ಹಾಗಾಗಿ ಕೇಳಿದವರಿಗೆಲ್ಲ "ವಾರ ವಾರ ನೋಡೋಣ" ಅಂದೆ. ಹುಡುಗನನ್ನು ಕಾಪಾಡುತ್ತಿದ್ದೇನೆ ಎಂದೇ ನಂಬಿದ್ದೆ. ಎದುರಾಳಿಗಳು ಇಬ್ಬರಿಗೂ ತಯಾರಾಗಬೇಕಾಗುತ್ತದೆ ಅನ್ನುವ ವಾದವೂ ಜೊತೆಗಿತ್ತು. ಅದರಲ್ಲಿ ಹುರುಳಿಲ್ಲ ಅಂತ ಈಗ ಹೇಳಬಲ್ಲೆ. ನಮ್ಮ ಆಟದ ವಿಡಿಯೊ ಅವರಿಗೆ, ಅವರದ್ದು ನಮಗೆ ಸಿಗುತ್ತದೆ. ಇಬ್ಬರಿಗೂ ತಯಾರಾಗಲು ಅವರಿಗೆ ಒಂದು ಸಂಜೆ ಸಾಕು. ನಾವೇ ತಯಾರಾಗಲಿಲ್ಲ.

ಪ್ರಾಕ್ಟೀಸ್‌ನಲ್ಲಿ ಇಡೀ ತಂಡ ಸೇರಿ ಆಡುವ ಭಾಗದಲ್ಲಿ ನಮಗೆ ದಿನಕ್ಕೆ 40 ಸ್ನ್ಯಾಪ್ ಸಿಗುತ್ತಿದ್ದವು. ಸೆಂಟರ್ ಒಮ್ಮೆ ಚೆಂಡನ್ನು ಹಿಂದಕ್ಕೆ ಕೊಟ್ಟರೆ ಅದು ಒಂದು ಸ್ನ್ಯಾಪ್. ನಾನು ಅವನ್ನು ಇಬ್ಬರಿಗೂ ಇಪ್ಪತ್ತಿಪ್ಪತ್ತು ಹಂಚಿದೆ. ನ್ಯಾಯವಾಗಿಯೇ ಕಾಣುತ್ತಿತ್ತು. ಆದರೆ ಚೆಂಡು ಕೊಡು ಅನ್ನಲು ಹಿರಿಯವನು "ಹಟ್" ಅನ್ನುವುದು ಗಂಟಲಿನಿಂದ, ಗಿಡ್ಡವಾಗಿ. ಕಿರಿಯವನದು ಎಳೆದ ದನಿ. ನಮ್ಮ ಸೆಂಟರ್ ಪಾಪ, ಎರಡಕ್ಕೂ ಒಗ್ಗಲಾರದೆ ಮೊದಲ ಎರಡು ಆಟಗಳಲ್ಲಿ ನಾಲ್ಕು ಸ್ನ್ಯಾಪ್ ಕೈಚೆಲ್ಲಿದ. ಎಸೆದ ಚೆಂಡು ಹಿಡಿಯುವ ರಿಸೀವರ್‌ಗಳದ್ದೂ ಅದೇ ಗೋಳು. ಒಬ್ಬನ ಎಸೆತ ತೇಲಿಕೊಂಡು ಬರುತ್ತದೆ, ಇನ್ನೊಬ್ಬನದು ಕಲ್ಲಿನಂತೆ ಬರುತ್ತದೆ. ಯಾವಾಗ ತಿರುಗಿ ಕೈ ಒಡ್ಡಬೇಕೆಂದು ಅವರಿಗೂ ಗೊತ್ತಾಗಲಿಲ್ಲ. ಎರಡೂ ಆಟ ಸೋತೆವು.

ಎರಡನೇ ಸೋಲಿನ ಮರುದಿನ ಶನಿವಾರ ಬೆಳಗ್ಗೆ ಕೋಚ್‌ಗಳ ಕೋಣೆಯಲ್ಲಿ ಒಬ್ಬನೇ ವಿಡಿಯೊ ನೋಡುತ್ತಿದ್ದೆ. ಇಡೀ ಮೈದಾನ ಕಾಣುವ ಹಾಗೆ ಮೇಲಿನಿಂದ ತೆಗೆದದ್ದು. ಕಿರಿಯವನ ಒಂದು ಎಸೆತ ನೆಲಕ್ಕೆ ಬಿತ್ತು. ನಿಲ್ಲಿಸಿ, ಅವನು ಕಾಲು ಎಲ್ಲಿಟ್ಟಿದ್ದ ಅಂತ ನೋಡಲು ಹೋದೆ. ಕಾಲು ಸರಿಯಾಗೇ ಇತ್ತು. ಆದರೆ ಚೆಂಡು ನೆಲ ಮುಟ್ಟಿದ ತಕ್ಷಣ ಅವನ ಹೆಲ್ಮೆಟ್ ನಮ್ಮ ಬೆಂಚಿನ ಕಡೆ ತಿರುಗಿತು. ಹಿಂದಕ್ಕೆ ಹೋಗಿ ಇನ್ನೊಂದು ತಪ್ಪಿದ ಎಸೆತ ನೋಡಿದೆ. ಮತ್ತೆ ತಿರುಗಿತು. ಆ ರಾತ್ರಿ ಅವನ ಒಂಬತ್ತು ಎಸೆತ ತಪ್ಪಿದ್ದವು, ಒಂಬತ್ತು ಸಲವೂ ಹೆಲ್ಮೆಟ್ ಬೆಂಚಿನ ಕಡೆ ತಿರುಗಿತ್ತು. ಅವನು ನೋಡುತ್ತಿದ್ದದ್ದು ನನ್ನನ್ನಲ್ಲ. ಹಿರಿಯವನು ಹೆಲ್ಮೆಟ್ ಹಾಕಿಕೊಳ್ಳುತ್ತಿದ್ದಾನಾ ಅಂತ ನೋಡುತ್ತಿದ್ದ.

ಆಮೇಲೆ ಉಳಿದದ್ದೂ ಕಾಣತೊಡಗಿತು. 50 ಗಜ ಎಸೆಯಬಲ್ಲ ಹುಡುಗ ಎರಡು ಆಟದಲ್ಲಿ 20 ಗಜ ದಾಟಿಸಿದ್ದು ಒಂದೇ ಸಲ. ಮಿಕ್ಕಿದ್ದೆಲ್ಲ ಪಕ್ಕದಲ್ಲಿ ನಿಂತವನಿಗೆ ಸಣ್ಣ ಸಣ್ಣ ಎಸೆತ. ಅವನು ತಪ್ಪು ಮಾಡದಿರಲು ಆಡುತ್ತಿದ್ದ, ಯಾಕೆಂದರೆ ತಪ್ಪಿಗೆ ಬೆಲೆ ಏನೆಂದು ನಾನೇ ಅವನಿಗೆ ಕಲಿಸಿದ್ದೆ. ಕಾರ್‌ನನ್ನು ಕುಗ್ಗಿಸಲು 76 ಸ್ಯಾಕ್ ಬೇಕಾಯಿತು. ನಾನು ಒಂದು ಗುದ್ದೂ ಬೀಳಿಸದೆ ಒಂದು ಹುಡುಗನನ್ನು ಹಾಗೆ ಮಾಡಿದ್ದೆ.

ಆ ಸಂಜೆ ಅಪ್ಪನ ಮನೆಗೆ ಹೋದಾಗ ಎಲ್ಲ ಹೇಳಿಕೊಂಡೆ. ಅಪ್ಪನಿಗೆ ಈ ಆಟ ಇನ್ನೂ ಪೂರ್ತಿ ಒಗ್ಗಿಲ್ಲ, ಭದ್ರಾವತಿಯವರು, ಅವರಿಗೆ ಆಟ ಅಂದರೆ ಜಿ. ಆರ್. ವಿಶ್ವನಾಥ್. "ವಿಶಿ 1969ರಲ್ಲಿ ಕಾನ್ಪುರದಲ್ಲಿ ಮೊದಲ ಟೆಸ್ಟ್ ಆಡಿದಾಗ ಮೊದಲ ಇನ್ನಿಂಗ್ಸ್ ಸೊನ್ನೆ ಕಣೋ. ಎರಡನೇದರಲ್ಲಿ 137. ಎರಡನೇ ಇನ್ನಿಂಗ್ಸ್ ಇದೆ ಅಂತ ಅವನಿಗೆ ಗೊತ್ತಿತ್ತು. ನಿನ್ನ ಹುಡುಗನಿಗೆ ಗೊತ್ತಾ?" ಅಂದರು. ನಾನು ಉತ್ತರ ಕೊಡಲಿಲ್ಲ.

ಹೊಸಬನನ್ನು ಕಾಯಿಸಬೇಕು ಅನ್ನುವವರು ಪ್ಯಾಟ್ರಿಕ್ ಮಹೋಮ್ಸ್ ಹೆಸರು ಹೇಳುತ್ತಾರೆ. ಅವನೂ ಟೆಕ್ಸಾಸ್‌ನವನೇ. 2017ರಲ್ಲಿ ಕ್ಯಾನ್ಸಸ್ ಸಿಟಿ ತಂಡದ ಕೋಚ್ ಆಂಡಿ ರೀಡ್ ಅವನನ್ನು ಇಡೀ ವರ್ಷ ಅಲೆಕ್ಸ್ ಸ್ಮಿತ್ ಹಿಂದೆ ಕೂರಿಸಿ, ಕೊನೆಯ ಒಂದು ಆಟ ಮಾತ್ರ ಆಡಿಸಿದರು. ಮರುವರ್ಷ ಅವನು 50 ಟಚ್‌ಡೌನ್ ಎಸೆದ, ಅಂದರೆ ಅಷ್ಟು ಎಸೆತ ಕೊನೆಯ ಗೆರೆ ದಾಟಿ ಅಂಕ ತಂದವು. ಕಾಯಿಸಬಾರದು ಅನ್ನುವವರು ಪೇಟನ್ ಮ್ಯಾನಿಂಗ್ ಹೆಸರು ಹೇಳುತ್ತಾರೆ. 1998ರಲ್ಲಿ ರೂಕಿಯಾಗಿ, ಅಂದರೆ ತನ್ನ ಮೊದಲ ವರ್ಷದಲ್ಲೇ, 16ಕ್ಕೆ 16 ಆಟ ಆಡಿ 28 ಇಂಟರ್‌ಸೆಪ್ಷನ್ ಎಸೆದ, ಅಂದರೆ ಅಷ್ಟು ಎಸೆತ ಎದುರಾಳಿಗಳ ಕೈ ಸೇರಿದವು, ತಂಡ ಗೆದ್ದದ್ದು ಮೂರೇ ಆಟ. ಮರುವರ್ಷ 13 ಗೆದ್ದರು. ಈ ಎರಡು ಕಥೆಯನ್ನೂ ನಾನು ವರ್ಷಗಟ್ಟಲೆ ಒಂದಕ್ಕೊಂದು ಎದುರು ನಿಲ್ಲಿಸಿ ತೂಗುತ್ತಿದ್ದೆ. ಆ ಶನಿವಾರ ರಾತ್ರಿ ಹೊಳೆಯಿತು, ಎರಡೂ ಒಂದೇ ಕಥೆ. ಮಹೋಮ್ಸ್‌ಗೆ ಈ ವರ್ಷ ತನ್ನದಲ್ಲ ಅಂತ ಗೊತ್ತಿತ್ತು, ಮ್ಯಾನಿಂಗ್‌ಗೆ ಈ ವರ್ಷ ತನ್ನದೇ ಅಂತ ಗೊತ್ತಿತ್ತು. ಕಾಯಿಸುವುದು ಬೇರೆ, ತೂಗಾಡಿಸುವುದು ಬೇರೆ. ನಾನು ತೂಗಾಡಿಸುತ್ತಿದ್ದೆ.

ಸೋಮವಾರ ಮೊದಲು ಹಿರಿಯವನನ್ನು ನನ್ನ ಕ್ಲಾಸಿಗೆ ಕರೆದೆ. ಸುತ್ತಿ ಬಳಸದೆ ಹೇಳಿದೆ: ಮುಂದಿನ ಮೂರು ಆಟ ಅವನದು, ನಿನ್ನದಲ್ಲ. ಅವನು ತುಂಬ ಹೊತ್ತು ಬೋರ್ಡಿನ ಮೇಲಿದ್ದ ಲೆಕ್ಕವನ್ನೇ ನೋಡಿದ. ಆಮೇಲೆ, "ಕೋಚ್, ಇದನ್ನು ಆಗಸ್ಟ್‌ನಲ್ಲೇ ಹೇಳಿದ್ದರೆ ನಾನು ರಿಸೀವರ್ ಆಗಿ ಆಡೋದು ಕಲಿತಿರುತ್ತಿದ್ದೆ" ಅಂದ. ದನಿಯಲ್ಲಿ ಸಿಟ್ಟಿರಲಿಲ್ಲ. ಅವನ ಕೊನೆಯ ವರ್ಷದ ಐದು ವಾರವನ್ನು ನಾನು ತಿಂದಿದ್ದೆ. ಕ್ಷಮೆ ಕೇಳಿದೆ. ಅವತ್ತೇ ಸಂಜೆ ಅವನು ರಿಸೀವರ್‌ಗಳ ಸಾಲಿಗೆ ಹೋಗಿ ನಿಂತ.

ಕಿರಿಯವನಿಗೆ ಹೇಳಿದ್ದು ಇಷ್ಟೇ: "ಮೂರು ಆಟ. ಹತ್ತು ಇಂಟರ್‌ಸೆಪ್ಷನ್ ಎಸೆದರೂ ನಿನ್ನನ್ನು ತೆಗೆಯಲ್ಲ. ಪೆಟ್ಟಾದರೆ ಮಾತ್ರ ತೆಗೆಯುತ್ತೇನೆ. ಮೂರನೇ ಆಟ ಆದ ಮೇಲೆ ಬರುವ ಗುರುವಾರ ಕೂತು ಮಾತಾಡೋಣ."

ಮಾತು ಕೊಟ್ಟರಷ್ಟೇ ಸಾಲದು, ಕಾರ್‌ಗೆ ಆದದ್ದು ಇವನಿಗೆ ಆಗಬಾರದು. ನನ್ನ ಹೆದರಿಕೆಯಲ್ಲಿ ನಿಜವಿದ್ದದ್ದು ಅಷ್ಟು. ಅದಕ್ಕೆ ಮಾಡಬೇಕಾದ ಕೆಲಸವನ್ನು ಮಾಡಿದೆ. ಮಣಿಕಟ್ಟಿಗೆ ಕಟ್ಟುವ ಹಾಳೆಯಲ್ಲಿ 36 ಪ್ಲೇಗಳು, ಅಂದರೆ ಮೊದಲೇ ಗೊತ್ತುಮಾಡಿದ ಆಟದ ಯೋಜನೆಗಳು ಇದ್ದವು, 14ಕ್ಕೆ ಇಳಿಸಿದೆ. ಮೈದಾನದ ಒಂದೇ ಅರ್ಧ ನೋಡಿದರೆ ಸಾಕಾಗುವಂಥವು, ಓಡುತ್ತಾ ಎಸೆಯುವಂಥವು, ಮೂರು ಹೆಜ್ಜೆ ಹಿಂದಿಟ್ಟು ತಕ್ಷಣ ಬಿಡುವಂಥವು. ಲೈನ್‌ನ ಐವರ ಜೊತೆ ಟೈಟ್ ಎಂಡ್ ಮತ್ತು ರನ್ನಿಂಗ್ ಬ್ಯಾಕ್ ಇಬ್ಬರನ್ನೂ ತಡೆಯಲು ನಿಲ್ಲಿಸಿದೆ. ಚೆಂಡು ಹಿಡಿಯಲು ಇಬ್ಬರು ಕಡಿಮೆಯಾದರು, ಆಗಲಿ. 'ಮೈಕ್' ತೋರಿಸುವ ಕೆಲಸವನ್ನು ಸೆಂಟರ್‌ಗೆ ವಹಿಸಿದೆ. ಆಳಕ್ಕೆ ಎಸೆಯುವ ಪ್ಲೇಗಳನ್ನೆಲ್ಲ ಬಿಟ್ಟೆ, ಅವಕ್ಕೆ ಕಾಯಬೇಕು, ಕಾದರೆ ಪೆಟ್ಟು. 40 ಸ್ನ್ಯಾಪ್‌ನಲ್ಲಿ 36 ಅವನಿಗೆ, ಮಿಕ್ಕ ನಾಲ್ಕು ಹಿರಿಯವನಿಗೆ, ತುರ್ತಿಗೆ ಬೇಕಲ್ಲ.

ಮೊದಲ ಆಟದಲ್ಲಿ ಮೂರು ಇಂಟರ್‌ಸೆಪ್ಷನ್. ಎರಡನೆಯದು ಬಿದ್ದಾಗ ಮೇಲಿನ ಸಾಲಿನಿಂದ ಯಾರೋ ಹಿರಿಯವನ ಹೆಸರು ಕೂಗಿದರು, ಹೆಡ್ ಕೋಚ್ ನನ್ನ ಮುಖ ನೋಡಿದರು. ನಾನು ತಲೆ ಅಲ್ಲಾಡಿಸಿದೆ. ಆ ಕ್ಷಣ ಹೊಟ್ಟೆಯಲ್ಲಿ ಆದ ಸಂಕಟ ಈಗಲೂ ನೆನಪಿದೆ. ಸೋತೆವು. ಶನಿವಾರ ವಿಡಿಯೊ ಹಾಕಿದಾಗ ಸ್ಕೋರನ್ನಲ್ಲ, ಹೆಲ್ಮೆಟ್ ಎಣಿಸಿದೆ. ಏಳು ತಪ್ಪಿದ ಎಸೆತ, ಐದು ಸಲ ತಿರುಗಿತ್ತು. ಎರಡನೇ ಆಟದಲ್ಲಿ ಎರಡು ಸಲ, ಆ ಆಟ ಗೆದ್ದೆವು. ಮೂರನೆಯದನ್ನು ಆರು ಅಂಕದಿಂದ ಸೋತೆವು. ಆದರೆ ಅದರಲ್ಲಿ ಎಸೆತ ತಪ್ಪಿದಾಗೆಲ್ಲ ಅವನು ರಿಸೀವರ್ ಹತ್ತಿರ ಹೋಗಿ ಕೈಯಲ್ಲಿ ಏನೋ ತೋರಿಸಿ ಮಾತಾಡುತ್ತಿದ್ದ. ಬೆಂಚಿನ ಕಡೆ ಒಮ್ಮೆಯೂ ನೋಡಲಿಲ್ಲ.

ಗುರುವಾರ ಬಂತು. ಉಳಿದ ಐದು ಆಟವೂ ನಿನ್ನದೇ ಅಂತ ಹೇಳಲು ಕಾದು ಕೂತಿದ್ದೆ. ಅವನು ನೋಟ್‌ಬುಕ್ ಹಿಡಿದು ಬಂದ, ಹಿಂದೆಯೇ ಹಿರಿಯವನು. ಯಾರು ಆಡಬೇಕು ಅಂತ ಇಬ್ಬರೂ ಕೇಳಲಿಲ್ಲ. ಕಿರಿಯವನು ನೋಟ್‌ಬುಕ್ ತೆರೆದು, ಎಡಗಡೆಯಿಂದ ಓಡಿ ಗೋಲ್‌ಪೋಸ್ಟ್ ಕಡೆ ಒಳಕ್ಕೆ ತಿರುಗುವ ಉದ್ದನೆಯ ರೂಟ್ ತೋರಿಸಿದ. ನಾನು ಹಾಳೆಯಿಂದ ತೆಗೆದುಹಾಕಿದ್ದ ಪ್ಲೇ.

"ಇದನ್ನ ವಾಪಸ್ ಹಾಕಿ ಕೋಚ್. ಎರಡು ವಾರದಿಂದ ಪ್ರಾಕ್ಟೀಸ್ ಮುಗಿದ ಮೇಲೆ ನಾವಿಬ್ಬರೇ ಮಾಡ್ತಾ ಇದ್ದೀವಿ. ಓಡೋದು ಇವನು."

ಬ್ಲಿಟ್ಜ್ ಬಂದರೆ ಏನು ಮಾಡುತ್ತೀಯ ಅಂತ ಕೇಳಿದೆ. ಪುಟ ತಿರುಗಿಸಿದ. ಅಲ್ಲಿ ಏಳು ಜನ ಯಾರು ಯಾರನ್ನು ತಡೆಯಬೇಕೆಂದು ಪೆನ್ಸಿಲ್‌ನಲ್ಲಿ ಗೆರೆ ಎಳೆದಿದ್ದ. ಒಂದು ಗೆರೆ ತಪ್ಪಿತ್ತು. ಅದನ್ನು ಅಳಿಸಿ ತಿದ್ದಿ, ಹಾಳೆಯಲ್ಲಿ 15ನೆಯದಾಗಿ ಬರೆದುಕೊಂಡೆ.