ಅಮೆರಿಕದಲ್ಲಿ ಸ್ವಂತ ದುಡಿಮೆ, ತಲೆಯ ಮೇಲೆ ಸಾಲದ ತೀರ್ಪು: ಹೊಸಬರಿಗೆ

ಕ್ರೆಡಿಟ್ ಕಾರ್ಡ್ ಸಾಲ ಕೋರ್ಟಿಗೆ ಹೋದರೂ ಸಂಬಳದ ಕಾಲು ಭಾಗ ತಾನೇ ಹಿಡಿಯುವುದು ಎಂಬ ಮಾತು ಇಲ್ಲಿ ಬಾಯಿಂದ ಬಾಯಿಗೆ ಹರಿದಾಡುತ್ತದೆ. ನೌಕರರ ಮಟ್ಟಿಗೆ ಅದು ಹೆಚ್ಚುಕಡಿಮೆ ಸರಿ. ತೆರಿಗೆಯಂಥ ಕಡ್ಡಾಯ ಕಡಿತ ಕಳೆದು ಉಳಿದ ಸಂಬಳದ ಶೇ. 25, ಇಲ್ಲವೇ ವಾರಕ್ಕೆ 217.50 ಡಾಲರ್ ಮೀರಿದ ಹಣ, ಎರಡರಲ್ಲಿ ಕಡಿಮೆ ಯಾವುದೋ ಅದು ಫೆಡರಲ್ ಮಿತಿ. 1099 ಮೇಲೆ (ನೌಕರರಲ್ಲದವರ ಗಳಿಕೆ ತೋರಿಸುವ ತೆರಿಗೆ ಫಾರ್ಮ್), ಅಂದರೆ ಸ್ವಂತವಾಗಿ ದುಡಿಯುವವರು ಈ ಮಿತಿಯನ್ನು ನಂಬಿ ಕೂರುವಂತಿಲ್ಲ. ಸಾಲ ಕೊಟ್ಟವರು ನೇರ ಬ್ಯಾಂಕ್ ಖಾತೆಗೆ ಕೈಹಾಕುತ್ತಾರೆ, ಇಲ್ಲವೇ ಗಿರಾಕಿ ನಿಮಗೆ ಕೊಡಬೇಕಾದ ಬಿಲ್ಲಿನ ಹಣವನ್ನೇ ತಡೆಸುತ್ತಾರೆ. ಟೆಕ್ಸಾಸ್‌ನಲ್ಲಿ ಇಂಥ ಸಾಲಕ್ಕೆ ಸಂಬಳ ಮುಟ್ಟುವಂತಿಲ್ಲ, ನಿಜ; ಖಾತೆಗೆ ಬಿದ್ದ ಹಣಕ್ಕೆ ಆ ರಕ್ಷಣೆ ಇಲ್ಲ. ಎಲ್‌ಎಲ್‌ಸಿ (ಮಾಲೀಕರ ಹೊಣೆಗೆ ಮಿತಿಯಿರುವ ಕಂಪನಿ) ಇದೆಯೆಂಬ ಧೈರ್ಯವೂ ಬೇಡ, ಸಾಲಕ್ಕೆ ಸ್ವಂತ ಹೆಸರಲ್ಲಿ ಸಹಿ ಹಾಕಿದ್ದರೆ ಹೊಣೆ ನಿಮ್ಮದೇ.

ಕೆಲಸ ಕೆಡುವುದು ಬಹುಪಾಲು ಸಮನ್ಸ್ ಬಂದಾಗಲೇ. ವಸೂಲಿಯವರಿಗೆ ಫೋನ್ ಮಾಡಿ ಕಂತು ಒಪ್ಪಿಕೊಂಡರೆ ಮುಗಿಯಿತೆಂದು ತಿಳಿಯಬೇಡಿ, ಫೋನ್ ಕರೆ ಕೋರ್ಟಿಗೆ ಉತ್ತರವಲ್ಲ. ಕ್ಯಾಲಿಫೋರ್ನಿಯಾದಲ್ಲಿ 30 ದಿನ, ನ್ಯೂಯಾರ್ಕ್‌ನಲ್ಲಿ ಸಮನ್ಸ್ ಕೊಟ್ಟ ರೀತಿ ನೋಡಿ 20 ಅಥವಾ 30 ದಿನ. ಅಷ್ಟರೊಳಗೆ ಲಿಖಿತ ಉತ್ತರ ಸಲ್ಲಿಸದಿದ್ದರೆ ಏಕಪಕ್ಷೀಯ ತೀರ್ಪು. ಉತ್ತರದಲ್ಲಿ ಮೂರು ಪ್ರಶ್ನೆ ಎತ್ತಿ: ಮೊತ್ತದ ಲೆಕ್ಕ ಎಲ್ಲಿ, ಸಾಲ ಕೈಬದಲಾಗಿದ್ದರೆ ಅದರ ದಾಖಲೆ ಎಲ್ಲಿ, ದಾವೆ ಹೂಡುವ ಕಾಲಮಿತಿ ಮೀರಿದೆಯೇ. ಹಳೆಯ ಸಾಲಕ್ಕೆ "ಸದ್ಯಕ್ಕೆ 50 ಡಾಲರ್ ಕಟ್ಟಿ" ಎಂದರೆ ಎಚ್ಚರ, ಕೆಲವು ರಾಜ್ಯಗಳಲ್ಲಿ ಅದರಿಂದ ಕಾಲಮಿತಿ ಮತ್ತೆ ಮೊದಲಿಂದ ಶುರುವಾಗುತ್ತದೆ.

ಪದೇಪದೇ ಮನೆ ಬದಲಿಸುವವರಿಗೆ ಸಮನ್ಸ್ ಹಳೆಯ ವಿಳಾಸಕ್ಕೆ ಹೋಗಿ, ಖಾತೆ ಸ್ತಬ್ಧವಾದಾಗಲೇ ವಿಷಯ ಗೊತ್ತಾಗುವುದುಂಟು. ಆಗ ಸಮನ್ಸ್ ಸರಿಯಾಗಿ ಜಾರಿಯಾಗಿಲ್ಲವೆಂದು ತೀರ್ಪು ರದ್ದುಪಡಿಸಲು ಅರ್ಜಿ ಹಾಕಿ. ಜೊತೆಗೇ ವಿನಾಯಿತಿ ಕೋರಿಕೆಯನ್ನೂ, ಅಂದರೆ ಈ ಹಣವನ್ನು ಕಾನೂನು ಪ್ರಕಾರ ಜಪ್ತಿ ಮಾಡುವಂತಿಲ್ಲವೆಂಬ ಅರ್ಜಿಯನ್ನೂ ಸಲ್ಲಿಸಿ. ಕ್ಯಾಲಿಫೋರ್ನಿಯಾದಲ್ಲಿ ಜಪ್ತಿ ನೋಟಿಸ್ ಕೈಗೆ ಕೊಟ್ಟಿದ್ದರೆ 15 ದಿನ, ಅಂಚೆಯಲ್ಲಿ ಬಂದಿದ್ದರೆ 20 ದಿನ, ಅದೂ ಜಪ್ತಿ ಮಾಡಿದ ಅಧಿಕಾರಿಯ ಬಳಿಯೇ. ಬಾಡಿಗೆ, ಮನೆಖರ್ಚಿನ ಲೆಕ್ಕ, ಬ್ಯಾಂಕ್ ಸ್ಟೇಟ್‌ಮೆಂಟ್ ಲಗತ್ತಿಸಿ. ಗಂಡ ಹೆಂಡತಿಯ ಜಂಟಿ ಖಾತೆಯೂ ಸಿಕ್ಕಿಬೀಳಬಹುದು. ಯಾರ ದುಡಿಮೆ ಎಷ್ಟೆಂದು ತೋರಿಸಲು ಖಾತೆಗಳನ್ನು ಮೊದಲೇ ಬೇರೆ ಇಟ್ಟಿದ್ದರೆ ಒಳ್ಳೆಯದು.

ಸಾಲ ತೀರಿಸಲಾಗದ್ದು ಅಪರಾಧವಲ್ಲ, ಅದಕ್ಕಾಗಿ ಯಾರನ್ನೂ ಗಡೀಪಾರು ಮಾಡುವುದಿಲ್ಲ. ಆದರೆ ಆಸ್ತಿ ವಿವರ ಕೇಳಲು ಕೋರ್ಟು ಕರೆದ ದಿನ ಹೋಗದಿದ್ದರೆ ವಾರಂಟ್ ಹೊರಡಬಹುದು.

ರಾಜಿಯಾದರೆ ಹಣ ಕಟ್ಟುವ ಮೊದಲೇ ಬರಹದಲ್ಲಿ ಪಡೆಯಿರಿ. ಬಿಟ್ಟುಕೊಟ್ಟ ಮೊತ್ತ 600 ಡಾಲರ್ ಅಥವಾ ಹೆಚ್ಚಾದರೆ 1099-ಸಿ ಎಂಬ, ಮನ್ನಾ ಆದ ಸಾಲ ತೋರಿಸುವ ತೆರಿಗೆ ಫಾರ್ಮ್ ಬರಬಹುದು, ಅದು ಆದಾಯವೆಂದೇ ಲೆಕ್ಕ. ಆಗ ನಿಮ್ಮ ಆಸ್ತಿಗಿಂತ ಸಾಲವೇ ಹೆಚ್ಚಿದ್ದರೆ ಆ ಮೊತ್ತವನ್ನು ಆದಾಯದಿಂದ ಹೊರಗಿಡಲು ತೆರಿಗೆ ಪತ್ರದ ಜೊತೆ ಫಾರ್ಮ್ 982 ಸೇರಿಸಿ. ಕೊನೆಗೆ, ತೀರ್ಪಿನ ಹಣ ಸಂದಾಯವಾಯಿತೆಂಬ ಪತ್ರವನ್ನು ಸಾಲದವರು ಕೋರ್ಟಿನಲ್ಲಿ ದಾಖಲಿಸಿದರೇ ಎಂದು ಗುಮಾಸ್ತರ ಕಚೇರಿಯಲ್ಲಿ ನೀವೇ ವಿಚಾರಿಸಿ.